ಕಡೆಯ ಸಾಲಿನ ಹುಗ್ಗಿ

ನೂರು ಜನ ಉಣ್ಣುವಷ್ಟು ಹುಗ್ಗಿ ತುಂಬಿದ ಕೊಪ್ಪರಿಗೆಯನ್ನು ನಾನೊಬ್ಬನೇ ತಲೆಯ ಮೇಲೆ ಹೊತ್ತು ತುಂಬಿದ ಹೊಳೆ ದಾಟಿದವನು. ಒಂದು ಹನಿ ಚೆಲ್ಲಲಿಲ್ಲ. ನೋಡಿದವರು ಏಳು ಮಂದಿ. ಏಳೂ ಮಂದಿ ಈಗ ಮಣ್ಣಾಗಿದ್ದಾರೆ. ನಂಬುವುದು, ಬಿಡುವುದು ನಿಮಗೆ ಸೇರಿದ್ದು.

ಆಗ ನಾನು ಹೊಳೆದಂಡೆಯ ಮಠದಲ್ಲಿ ಅಡವಯ್ಯ ಅಜ್ಜಾರ ಶಿಷ್ಯ. ದಾಸೋಹದ ಸೌಟು ನನ್ನ ಕೈಯಲ್ಲೇ. ಬರುವ ಸೋಮವಾರ ನನಗೆ ಕಾವಿ ಕೊಡುವುದಾಗಿ ಅಜ್ಜಾರು ಹೇಳಿದ್ದರು. ಬಟ್ಟೆ ಬರುವ ಮೊದಲೇ ನಾನು ಸ್ವಾಮಿಯ ಹಾಗೆ ನಡೆಯತೊಡಗಿದ್ದೆ.

ಶುಕ್ರವಾರ ಪಂಕ್ತಿ ಎದ್ದ ಮೇಲೆ ಅಜ್ಜಾರು ಎಂದಿನಂತೆ ಕೇಳಿದರು, ಎಲ್ಲರೂ ಉಂಡರೋ ಎಂದು.

“ಉಂಡಾರ್ರಿ ಅಜ್ಜಾರ. ಗೌಡರಿಗೆ ಬಡಿಸೇನಿ. ಪ್ಯಾಟಿ ಭಕ್ತರಿಗೆ ಬಡಿಸೇನಿ. ಕಲ್ಲು ಒಡ್ಯಾವ್ರಿಗೂ ಹಾಕೇನಿ.”

ಅಜ್ಜಾರು ತಮ್ಮ ತಟ್ಟೆ ತಾವೇ ತೊಳೆದಿಟ್ಟರು.

ಮರುದಿನ ಊಟದ ಹೊತ್ತಿಗೆ ಅವರ ಮಣೆ ಖಾಲಿ.

ಹುಡುಕಿದೆ. ಮಠದ ಗೋಡೆ ಕಟ್ಟಲು ಬಂದಿದ್ದ ಕಲ್ಲು ಒಡೆಯುವವರ ಕಡೆಯ ಸಾಲಿನಲ್ಲಿ, ಬರಿ ನೆಲದ ಮೇಲೆ, ಎಲೆ ಮುಂದಿಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ದುರುಗಪ್ಪ. ಅವನ ರೆಪ್ಪೆಯ ಮೇಲೂ ಕಲ್ಲಿನ ಧೂಳು.

ಮೇಲಕ್ಕೆ ಬರಬೇಕು, ಅಲ್ಲಿ ಬಡಿಸುತ್ತೇನೆ ಎಂದು ಕೈಮುಗಿದೆ.

“ಬ್ಯಾಡ ತಮ್ಮಾ. ನಿನ್ನೆ ಇವರಿಗೆ ಹಾಕೇನಿ ಅಂದಿ. ನನಗೂ ಹಾಕು.”

ಸೌಟು ಎತ್ತಿದೆ. ಕೈ ಮುಂದೆ ಹೋಗಲಿಲ್ಲ.

ದುರುಗಪ್ಪ ಅಜ್ಜಾರ ಕಡೆ ವಾಲಿದ. “ಎಲಿ ಗಟ್ಟಿ ಹಿಡ್ಕೋರಿ ಯಪ್ಪಾ. ಮ್ಯಾಲಿಂದ ದಪ್ ಅಂತ ಬೀಳತೈತಿ.”

ಸಾಲೆಲ್ಲ ನಕ್ಕಿತು. ಅಜ್ಜಾರೂ ನಕ್ಕರು. ಇಷ್ಟು ದಿನ ಆ ಸಾಲಿನಲ್ಲಿ ಯಾರ ಮುಖವನ್ನೂ ನಾನು ನೋಡಿರಲಿಲ್ಲ. ಅವತ್ತು ನೋಡಲು ನನಗೆ ಮುಖವೇ ಉಳಿಯಲಿಲ್ಲ. ಅಜ್ಜಾರ ಎಲೆಯಲ್ಲಿ ಏನು ಬಿತ್ತೋ ನನಗೆ ಕಾಣಲಿಲ್ಲ. ಸೌಟು ಅಲ್ಲೇ ಬಿಟ್ಟು ಅಡುಗೆಮನೆಗೆ ಓಡಿದೆ. ನನಗಂತ ತೆಗೆದಿಟ್ಟ ಹುಗ್ಗಿ ಸಂಜೆಯವರೆಗೂ ಹಾಗೇ ಇತ್ತು.

ಭಾನುವಾರ ಅಜ್ಜಾರು ಕೇಳುವ ಮೊದಲೇ ಹೋಗಿ ಹೇಳಿದೆ.

“ಇವತ್ತ ಎಲ್ಲಾರಿಗೂ ಬಡಿಸೇನ್ರಿ ಅಜ್ಜಾರ. ದುರುಗಪ್ಪಗೂ.”

ಅವರು ಹತ್ತಿರ ಕರೆದು ಬೆನ್ನು ತಟ್ಟಿದರು. ಒಂದೇ ದಿನದಲ್ಲಿ ತಿದ್ದಿಕೊಂಡ ಶಿಷ್ಯ ಆ ಮಠಕ್ಕೆ ನನ್ನ ಹಿಂದೆಯೂ ಬಂದಿಲ್ಲ, ಮುಂದೆಯೂ ಬರುವುದಿಲ್ಲ.

ಕತೆಯನ್ನು ಇಲ್ಲಿಗೇ ಮುಗಿಸುವುದು ನನ್ನ ರೂಢಿ. ಮೊನ್ನೆ ಪಕ್ಕದ ಮನೆಯ ನೀಲವ್ವ ಬಿಡಲಿಲ್ಲ.

“ಬೆನ್ನು ತಟ್ಟಿದ ಮ್ಯಾಲೆ ಸೋಮವಾರ ಕಾವಿ ಯಾಕ ಕೊಡಲಿಲ್ಲ ಮುತ್ಯಾ?”

ನಿಜ ಹೇಳಬೇಕಾಯಿತು.

ಅಜ್ಜಾರು ತಟ್ಟಿರಲಿಲ್ಲ. ಬೆನ್ನಿನ ಮೇಲೆ ಬರೀ ಕೈಯಿಟ್ಟು ಅಂದಿದ್ದರು:

“ಮಾತು ಬಗ್ಗೈತಿ ತಮ್ಮಾ. ಇದು ಇನ್ನೂ ಬಗ್ಗಿಲ್ಲ.”