ಅಚ್ಚ ಪೆಟ್ರೋಲು

ಜುಲೇಖಾ ಹೊಸಪೇಟೆಯ ಬೈಕ್ ಮೆಕ್ಯಾನಿಕ್. ಮಣ್ಣಿನ ರೇಸಿನ ದಿನ ಬೆಳಿಗ್ಗೆ ಸಾಹುಕಾರ ಬಸವಂತರಾಯ ತನ್ನ ಡರ್ಟ್ ಬೈಕನ್ನು ಮೈದಾನದಲ್ಲಿದ್ದ ಅವಳ ಬಳಿಗೆ ತಳ್ಳಿಸಿಕೊಂಡು ಬಂದು ಎಲ್ಲರೆದುರು ಕೂಗಾಡಿದ.

"ನೀನು ಸರ್ವಿಸ್ ಮಾಡಿದ ಮೇಲೇ ಎಂಜಿನ್ ಹಿಡಕೊಂಡಿದೆ. ರೇಸಿನ ಮೈಕಿನಲ್ಲಿ ತಪ್ಪು ಒಪ್ಪಿಕೋ, ಇಲ್ಲಾಂದ್ರೆ ನಿನ್ನ ಅಂಗಡಿ ಎತ್ತಿಸ್ತೀನಿ!"

ಜುಲೇಖಾ ಕಿಕ್ ಒತ್ತಿದಳು. ಅದು ಅಲ್ಲಾಡಲಿಲ್ಲ. ಟ್ಯಾಂಕಿಗೆ ಬೆರಳದ್ದಿ ಉಜ್ಜಿ ನೋಡಿದಳು. ಆ ಬೈಕಿಗೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಬೇಕು, ಇಲ್ಲದಿದ್ದರೆ ಪಿಸ್ಟನ್ ಕಾದು ಸಿಲಿಂಡರಿಗೆ ಅಂಟಿಕೊಳ್ಳುತ್ತದೆ. ಬೆರಳಿಗೆ ಜಿಡ್ಡೇ ಹತ್ತಲಿಲ್ಲ. ಆದರೆ ತಾನು ಹೇಳಿದರೆ ಯಾರು ನಂಬುತ್ತಾರೆ? ಅವಳು ಕೈಮುಗಿದಳು.

"ನಿಮ್ಮಂಥ ದೊಡ್ಡವರು ನಮ್ಮ ಹಾಗೆ ಪೆಟ್ರೋಲಿಗೆ ಆಯಿಲ್ ಕಲಬೆರಕೆ ಮಾಡ್ತೀರಾ, ಸಾಹುಕಾರ್ರೇ?"

"ಛೀ! ನಿನ್ನೆ ಟ್ಯಾಂಕ್ ತುಂಬಿಸಿದ್ದು ನಾನೇ. ಅಚ್ಚ ಪೆಟ್ರೋಲು! ಒಂದು ಹನಿ ಆಯಿಲ್ ಸೋಕಿಸಿಲ್ಲ!"

ಸುತ್ತ ನಿಂತಿದ್ದ ಸವಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಮತ್ತೆ ಹಿಡಕೊಳ್ಳದೆ ಇನ್ನೇನಾಗುತ್ತೆ?" ಎಂದನೊಬ್ಬ. ಸಾಹುಕಾರ ಗೇಟಿನ ಕಡೆಗೆ ಸರಿದ.

ಜುಲೇಖಾ ಸಿಲಿಂಡರ್ ಬಿಚ್ಚಿ, ಅಂಟಿಕೊಂಡಿದ್ದ ಪಿಸ್ಟನ್ ತೆಗೆದು, ಗೀರುಗಳನ್ನು ಉಜ್ಜಿ, ಹೊಸ ಪಿಸ್ಟನ್ ಕೂರಿಸಿದಳು. ಆಯಿಲ್ ಬೆರೆಸಿ ಒದ್ದಾಗ ಎಂಜಿನ್ ಗರ್ಜಿಸಿತು. ಪರೀಕ್ಷಿಸಲು ತಾನೇ ಹತ್ತಿ, ಕೆಂಪು ಧೂಳೆಬ್ಬಿಸುತ್ತ ಮೈದಾನ ಸುತ್ತಿದಳು. ಜನ ಶಿಳ್ಳೆ ಹೊಡೆದರು. ಅವಳು ಇನ್ನೊಂದು ಸುತ್ತು ಹೊಡೆದಳು.

ಸಾಹುಕಾರ ಗೇಟಿನ ಬಳಿ ತನ್ನ ಬೈಕಿಗಾಗಿ ಕಾಯುತ್ತ ನಿಂತಿದ್ದ.