ಹೊಸ್ತಿಲು ತುಳಿಯದವನು

ಆರು ವರ್ಷದ ಹುಲಿಗೆಮ್ಮನ ಮೈಯಲ್ಲಿ ಮಲೇರಿಯಾ ರೋಗಾಣುವೊಂದು ಕೆಂಪು ರಕ್ತಕಣದೊಳಗೆ ಕೂತು ಪ್ರಯಾಣ ಮಾಡುತ್ತಿತ್ತು. ಹೊಟ್ಟೆಯ ಎಡಬದಿಯಲ್ಲಿ ಗುಲ್ಮವೆಂಬ ಕಾವಲುಗಾರನಿದ್ದ. ಕೆಟ್ಟ ಕಣಗಳನ್ನು ಹಿಡಿದು ಮುಗಿಸುವುದೇ ಅವನ ಕೆಲಸ. ಅವನ ಕೈಗೆ ಸಿಗಬಾರದೆಂದು ರೋಗಾಣು ಮಿದುಳಿನ ಕಿರಿದಾದ ರಕ್ತನಾಳದ ಗೋಡೆಗೆ ಅಂಟಿ ಕೂತಿತು. ಬಳಗವೆಲ್ಲ ಬಂದು ಪಕ್ಕದಲ್ಲೇ ಅಂಟಿತು.

"ಸ್ವಲ್ಪ ಸರಿಯಪ್ಪಾ, ರಕ್ತ ಬರುತ್ತಿಲ್ಲ, ಉಸಿರು ಕಟ್ಟುತ್ತಿದೆ" ಎಂದಿತು ಮಿದುಳು.

"ತಾಯೀ, ನಿನ್ನ ಹೊಸ್ತಿಲನ್ನೇ ನಾನು ತುಳಿದಿಲ್ಲ. ಬೀದಿಯಲ್ಲಿ ಕೂತವನ ಮೇಲೆ ಇದೆಂಥ ಅಪವಾದ?" ಎಂದು ರೋಗಾಣು ನೊಂದುಕೊಂಡಿತು.

"ಬೀದಿ ಮುಚ್ಚಿದರೆ ನಾನು ಉಣ್ಣುವುದೇನು?"

"ಅದು ನಿಮ್ಮ ಮನೆಯ ವಿಚಾರ. ಪರರ ಮನೆಯ ವಿಚಾರಕ್ಕೆ ನಾನು ತಲೆಹಾಕುವುದಿಲ್ಲ."

ಮಿದುಳು ಊದಿಕೊಂಡಿತು. ಹುಲಿಗೆಮ್ಮನಿಗೆ ಫಿಟ್ಸ್ ಬಂತು, ಎರಡು ದಿನ ಎಚ್ಚರವಿರಲಿಲ್ಲ. ಆಸ್ಪತ್ರೆಯ ಚುಚ್ಚುಮದ್ದಿನಿಂದ ಬೀದಿ ತೆರವಾಯಿತು, ಹುಡುಗಿ ಉಳಿದಳು. ರೋಗಾಣು ಗುಲ್ಮನ ಕೈಗೆ ಸಿಕ್ಕಿತು.

"ನಾನು ಒಳಗೆ ಕಾಲಿಟ್ಟೆನೆಂದು ಒಬ್ಬರಾದರೂ ಹೇಳಲಿ" ಎಂದು ಸವಾಲು ಹಾಕಿತು. ಅದು ಹೇಳಿದ್ದು ನಿಜವೇ ಆಗಿತ್ತು. ನ್ಯಾಯವಂತನಾದ ಗುಲ್ಮ ಮಿದುಳನ್ನು ಕೇಳಿದ: "ಹೇಳಮ್ಮಾ, ಇವನು ನಿನ್ನಿಂದ ಏನು ಕಿತ್ತುಕೊಂಡ?"

ಮಿದುಳು ಬಹಳ ಹೊತ್ತು ಹುಡುಕಿತು. ಹೊರಗೆ ತಾಯಿ ಮಗಳ ಮುಖ ಹಿಡಿದುಕೊಂಡು, "ನಾ ಯಾರು ಹೇಳವ್ವಾ?" ಎಂದು ಮೂರನೆಯ ಸಲ ಕೇಳುತ್ತಿದ್ದಳು.

"ನೆನಪಿಲ್ಲ" ಎಂದಿತು ಮಿದುಳು.

"ಕೇಳಿದಿರಲ್ಲ, ದೂರೇ ಇಲ್ಲ!" ಎಂದು ರೋಗಾಣು ಎಲ್ಲರಿಗೂ ಕೈಮುಗಿಯಿತು.