ಹೋ ಅಂದರೆ ನಿಲ್ಲು

ನದಿಯ ದಂಡೆಯಲ್ಲಿ ಒಂದು ದನದ ರೊಪ್ಪ. ಸುತ್ತ ಮುಳ್ಳುಬೇಲಿ, ಒಳಗೆ ಎರಡು ಹುಣಸೆಮರ, ಒಂದು ಚಪ್ಪರ. ಊರವರು ಆಶ್ರಮ ಎನ್ನುತ್ತಿದ್ದುದು ಇಷ್ಟನ್ನೇ.

ಬೇಸಿಗೆ ರಜೆಯಲ್ಲಿ ಕಾಟಯ್ಯ ಎಂಬ ಮುದುಕ ಅಲ್ಲಿ ಮಕ್ಕಳಿಗೆ ದನ ಹಿಡಿಯುವುದನ್ನು ಕಲಿಸುತ್ತಿದ್ದ. ಹತ್ತು ದಿನದ ಶಿಬಿರ. ಮಕ್ಕಳು ತಮ್ಮ ಮನೆಯ ಕರುವನ್ನೋ ಕಡಸನ್ನೋ ಜೊತೆಗೆ ತರಬೇಕು. ಕೊನೆಯ ದಿನ ಊರವರ ಮುಂದೆ ಅದನ್ನು ನಡೆಸಿ, ನಿಲ್ಲಿಸಿ ತೋರಿಸಬೇಕು.

ಗುರು ಎಂದರೆ ನಗುಮುಖ, ತಣ್ಣನೆಯ ಮಾತು ಎಂದುಕೊಂಡವರಿಗೆ ಕಾಟಯ್ಯ ಸರಿಹೋಗುವುದಿಲ್ಲ. ಮಹಾ ಸಿಡುಕ. ದನಗಳ ಮೇಲೆ ಮಾತ್ರ ಸಿಡುಕುತ್ತಿರಲಿಲ್ಲ.

ಮೊದಲ ದಿನ ಅವನು ಕಲಿಸಿದ್ದು ಒಂದೇ ಮಾತು.

“ಹೋ.”

ನಡೆಯುವ ದನವನ್ನು ನಿಲ್ಲಿಸಲು ಅದೊಂದು ಸಾಕು ಎಂದ.

ಬಿಂದುಶ್ರೀ ಎಂಬ ಹದಿಮೂರು ವರ್ಷದ ಹುಡುಗಿ ಎದ್ದು ನಿಂತಳು. “ಅಜ್ಜ, ಹೋ ಅಂದ್ರೆ ಹೋಗು ಅಂತ ಅಲ್ವಾ?”

“ಮನುಷ್ಯರಿಗೆ ಹಂಗೆ. ದನಕ್ಕೆ ನಿಲ್ಲು ಅಂತ.”

“ಒಂದೇ ಮಾತು ಎರಡೂ ಹೆಂಗಾಗುತ್ತೆ?”

“ಇಷ್ಟು ವರ್ಷದಾಗೆ ಯಾವ ದನಾನೂ ನನ್ನ ಹಿಂಗೆ ಕೇಳಿಲ್ಲ. ಕೂತ್ಕೋ.”

ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ಬಿಂದುಶ್ರೀ ನಗಲಿಲ್ಲ. ಅವಳು ಬರುವಾಗಲೇ ಸಿಟ್ಟು ಹೊತ್ತುಕೊಂಡು ಬಂದಿದ್ದಳು.

ಅವಳು ತಂದಿದ್ದ ಕಡಸಿನ ಹೆಸರು ಕೆಂದಿ. ಕೆಂಪು ಮೈ, ಹಣೆಯಲ್ಲಿ ಬಿಳಿ ಬೊಟ್ಟು, ಚುರುಕು ಕಿವಿ.

ನಾಲ್ಕನೆಯ ದಿನದ ಹೊತ್ತಿಗೆ ಎಲ್ಲರ ಕರುಗಳೂ “ಹೋ” ಎಂದರೆ ನಿಲ್ಲುತ್ತಿದ್ದವು. ಹತ್ತು ವರ್ಷದ ಪೋರನೊಬ್ಬ ಮೂಗು ಸುರಿಸಿಕೊಂಡೇ “ಹೋ” ಎನ್ನುತ್ತಿದ್ದ, ಅವನ ಕರುವೂ ನಿಲ್ಲುತ್ತಿತ್ತು. ಕೆಂದಿ ಮಾತ್ರ ನಿಲ್ಲಲಿಲ್ಲ. ಬಿಂದುಶ್ರೀ “ಹೋ” ಎಂದಷ್ಟೂ ಅದು ಮುಂದಕ್ಕೆ ನುಗ್ಗುತ್ತಿತ್ತು. ಅದು ನುಗ್ಗಿದಷ್ಟೂ ಇವಳ ದನಿ ಏರುತ್ತಿತ್ತು.

ಏಳನೆಯ ದಿನ ಕೆಂದಿ ಅವಳನ್ನು ಮರಳಿನಲ್ಲಿ ದರದರ ಎಳೆದುಕೊಂಡು ಹೋಯಿತು. ಮೊಣಕೈ ತರಚಿತು. ಎದ್ದವಳೇ ಹಗ್ಗದ ತುದಿಯನ್ನು ಎರಡು ಸುತ್ತು ಸುತ್ತಿ, ಕೆಂದಿಯ ಮೂತಿಗೆ ಬಾರಿಸಿದಳು. ಒಂದಲ್ಲ, ಮೂರು ಸಲ.

ಕಥೆಯ ಈ ಜಾಗದಲ್ಲಿ ನನಗೆ ಆ ಹುಡುಗಿಯ ಮೇಲೆ ಕೆಟ್ಟ ಸಿಟ್ಟು ಬರುತ್ತದೆ. ಮೂತಿ ಎಂದರೆ ದನಕ್ಕೆ ಕಣ್ಣಿನಷ್ಟೇ ಮೆತ್ತನೆಯ ಜಾಗ.

ಕಾಟಯ್ಯ ಚಪ್ಪರದಿಂದ ಓಡಿಬಂದ. ಎಪ್ಪತ್ತು ದಾಟಿದ ಕಾಲುಗಳು ಹಾಗೆ ಓಡಿದ್ದನ್ನು ಮಕ್ಕಳು ಕಂಡಿರಲಿಲ್ಲ. ಅವಳ ಕೈಯಿಂದ ಹಗ್ಗ ಕಿತ್ತುಕೊಂಡ.

“ಹೋಗು!” ಎಂದು ಕಿರುಚಿದ. “ಗಂಟು ಕಟ್ಟು, ಮನೆಗೆ ಹೋಗು!”

ಆ ಕೂಗಿಗೆ ಕೆಂದಿ ಬೆಚ್ಚಿ ಹಿಂದಕ್ಕೆ ಜಿಗಿಯಿತು. ಹಗ್ಗ ಕಾಟಯ್ಯನ ಅಂಗೈ ಸುಡುತ್ತ ಜಾರಿತು.

ಅವನು ತನ್ನ ಅಂಗೈ ನೋಡಿಕೊಂಡ. ಕೆಂದಿಯ ಹತ್ತಿರ ನಿಧಾನವಾಗಿ ಹೋಗಿ, ಅದರ ಕೊರಳಡಿ ಜೋಲುವ ಗಂಗೆದೊಗಲು ಸವರಿದ.

“ತಪ್ಪಾಯ್ತವ್ವ,” ಎಂದ. ಕ್ಷಮೆ ಕೇಳಿದ್ದು ಕೆಂದಿಯನ್ನು, ಹುಡುಗಿಯನ್ನಲ್ಲ.

ಬಿಂದುಶ್ರೀ ಕದಲದೆ ನಿಂತಿದ್ದಳು. “ನಾನು ಹೋಗಲ್ಲ.”

“ಯಾಕೆ?”

“ಹೋದ್ರೆ ಮುಗೀತು.”

“ಏನು ಮುಗೀತು?”

ಆಗ ಅವಳ ಬಾಯಿಂದ ಎಲ್ಲ ಹೊರಬಿತ್ತು. ಅಪ್ಪ ಇಲ್ಲ. ಮನೆಗೂ ಕೊಟ್ಟಿಗೆಗೂ ಚಿಕ್ಕಪ್ಪನೇ ಯಜಮಾನ.

“ಸೆಗಣಿ ಬಾಚಾಕೆ ನಾನು. ಹಾಲು ಕರೆಯಾಕೆ ನಾನು. ಕೆಂದಿ ಹುಟ್ಟುವಾಗ ಸಿಕ್ಕಾಕ್ಕೊಂಡಿತ್ತು, ಕಾಲು ಹಿಡಿದು ಎಳೆದೋಳು ನಾನು. ಹಗ್ಗ ಹಿಡಿಯಾಕೆ ಮಾತ್ರ ಚಿಕ್ಕಪ್ಪನ ಮಗ ಲಿಖಿತ. ಹೆಣ್ಣುಮಕ್ಕಳು ಹಗ್ಗ ಹಿಡಿದ್ರೆ ದನ ಮಾತು ಕೇಳಲ್ಲವಂತೆ.”

“ಮತ್ತೆ ಇಲ್ಲಿಗೆ ಹೆಂಗೆ ಕಳಿಸಿದ?”

“ಜಗಳ ಆಡಿ ಬಂದೆ. ಕೊನೇ ದಿನ ಚಿಕ್ಕಪ್ಪನೇ ನೋಡಾಕೆ ಬರ್ತಾನೆ. ಕೆಂದಿ ನಿಲ್ಲಲಿಲ್ಲ ಅಂದ್ರೆ ಅವತ್ತೇ ಹಗ್ಗ ಲಿಖಿತನ ಕೈಗೆ. ಆಮೇಲೆ ನಾನು ಉಸಿರೆತ್ತಂಗಿಲ್ಲ.”

ಕಾಟಯ್ಯ ಜಾರಿಬಿದ್ದ ಹಗ್ಗ ಎತ್ತಿಕೊಂಡ.

“ನಿನ್ನ ಸಿಟ್ಟು ಸರಿಯಾಗೇ ಐತೆ,” ಎಂದ.

ಅವಳು ತಲೆಯೆತ್ತಿದಳು. ಸಿಟ್ಟು ಬಿಡು, ಶಾಂತವಾಗಿರು ಎಂದು ಬುದ್ಧಿ ಹೇಳುತ್ತಾನೆ ಎಂದುಕೊಂಡಿದ್ದಳು.

“ಆದ್ರೆ ನಿನ್ನ ಚಿಕ್ಕಪ್ಪ ಇಲ್ಲಿ ಇಲ್ಲವಲ್ಲ,” ಎಂದ ಕಾಟಯ್ಯ. “ಇರೋದು ಕೆಂದಿಯ ಮೂತಿ.”

ಬಿಂದುಶ್ರೀ ಆ ಮೂತಿಯನ್ನು ನೋಡಿದಳು. ಬಾಸುಂಡೆ ಎದ್ದಿತ್ತು. ಅವಳಿಗೆ ಅಳು ಬಂತು. ಅತ್ತಳು. ಮುದುಕ ಸಮಾಧಾನ ಮಾಡಲಿಲ್ಲ. ಅರಿಸಿನ ಕಲಸಿದ ಎಣ್ಣೆ ತಂದು ಅವಳ ಕೈಗೆ ಕೊಟ್ಟ, ಅವಳೇ ಹಚ್ಚಿದಳು.

ಸಂಜೆ ಅವನು ಅವಳನ್ನೂ ಕೆಂದಿಯನ್ನೂ ನೀರಿನ ಅಂಚಿಗೆ ಕರೆದೊಯ್ದ. ಅಲ್ಲಿ ಹಸಿ ಮರಳು.

“ಒಂದು ಕೈ ಇದರ ಕೊರಳ ಮೇಲಿಡು. ಈಗ ನಿನ್ನ ಚಿಕ್ಕಪ್ಪನ್ನ ಬೈ.”

“ಇಲ್ಲೇ?”

“ಬೈ. ಬಾಯಿ ತುಂಬ ಬೈ.”

ಬಿಂದುಶ್ರೀ ಬೈದಳು. ಶುರು ಮಾಡುವುದಷ್ಟೇ ಕಷ್ಟವಾಯಿತು. ಒಂದೊಂದು ಬೈಗುಳಕ್ಕೂ ಅವಳ ಅಂಗೈ ಕೆಳಗೆ ಕೆಂದಿಯ ಚರ್ಮ ಪಟಪಟ ಅದುರಿತು. ಅದರ ಕಿವಿಗಳು ಹಿಂದಕ್ಕೆ ಮಡಚಿದವು.

ಅವಳು ಸಟ್ಟನೆ ಕೈ ತೆಗೆದಳು.

“ಇದು ತನಗೇ ಅನ್ಕೊಂಡೈತೆ ಅಜ್ಜ!”

“ಏಳು ದಿನದಿಂದ ಹಂಗೇ ಅನ್ಕೊಂಡೈತೆ.”

ಕಾಟಯ್ಯ ಬಾಗಿ ಮರಳು ತೋರಿಸಿದ. ಅವಳ ಹೆಜ್ಜೆಗಳಲ್ಲಿ ಬೆರಳುಗಳ ಗುರುತು ಆಳವಾಗಿ ಊರಿತ್ತು. ಹಿಮ್ಮಡಿಯ ಗುರುತೇ ಇರಲಿಲ್ಲ.

“ತುದಿಗಾಲಲ್ಲಿ ನಿಂತಿದ್ದೀಯ. ಮೇಲೆ ಬೀಳೋರು ನಿಲ್ಲೋದು ಹಿಂಗೆ. ಬಾಯಲ್ಲಿ ನಿಲ್ಲು ಅಂತೀಯ, ಕಾಲಲ್ಲಿ ಓಡು ಅಂತೀಯ. ಕೆಂದಿ ಯಾವುದನ್ನ ಕೇಳಬೇಕು?”

“ಮತ್ತೆ ಸಿಟ್ಟನ್ನ ಏನು ಮಾಡ್ಲಿ? ನುಂಗ್ಲಾ?”

“ನುಂಗು ಅಂದ್ನಾ ನಾನು?” ಕಾಟಯ್ಯ ಮತ್ತೆ ಸಿಡುಕಿದ. “ನುಂಗಿ ನುಂಗಿಯೇ ಗಂಟಲಲ್ಲಿ ಕೂತೈತೆ. ಇನ್ನೂ ಕೆಳಕ್ಕೆ ಇಳಿಸು. ಹಿಮ್ಮಡಿಗೆ ಇಳಿಸು. ಅಲ್ಲಿಂದ ಹೇಳು.”

“ಹಿಮ್ಮಡಿಯಿಂದ ಹೆಂಗಜ್ಜ ಮಾತಾಡೋದು?”

“ಮಾತಾಡೋದು ಬ್ಯಾಡ. ನಿಂತ್ಕೋ.”

ಆ ಸಂಜೆ ಆಗಲಿಲ್ಲ. ಮರುದಿನವೂ ಆಗಲಿಲ್ಲ. ಅವಳು “ಹೋ” ಎನ್ನುವಳು, ಕೆಂದಿ ನುಗ್ಗುವುದು. ಕಾಟಯ್ಯ ಕೆಂದಿಯ ಕಡೆ ನೋಡುತ್ತಲೇ ಇರಲಿಲ್ಲ. ಮರಳು ನೋಡಿ “ಬೆರಳು” ಎಂದು ಬೈದು ಹೋಗುವನು.

ಒಂಬತ್ತನೆಯ ದಿನ ಬಿಸಿಲೇರುವ ಹೊತ್ತಿಗೆ ಅವಳು ಸೋತು ಸುಣ್ಣವಾಗಿದ್ದಳು. ಕೂಗಲು ದನಿ ಉಳಿದಿರಲಿಲ್ಲ. ಹಿಮ್ಮಡಿಯನ್ನು ಮರಳಿಗೆ ಊರಿ, ಉಸಿರು ಬಿಟ್ಟು, ತಗ್ಗಿದ ದನಿಯಲ್ಲಿ “ಹೋ” ಎಂದಳು.

ಕೆಂದಿ ನಿಂತಿತು. ಕತ್ತು ಹೊರಳಿಸಿ ಅವಳನ್ನು ನೋಡಿತು.

ಕಾಟಯ್ಯ ಬಂದು ಮರಳು ನೋಡಿದ. ಏನೂ ಬೈಯದೆ ಹೋದ.

ಹತ್ತನೆಯ ದಿನ ರೊಪ್ಪದ ಮುಂದೆ ಜನ ಸೇರಿದರು. ಮರಳಿನ ಮೇಲೆ ಸುಣ್ಣದಲ್ಲಿ ದೊಡ್ಡ ವೃತ್ತ ಎಳೆದು, ಒಂದು ಕಡೆ ಅಡ್ಡಗೆರೆ ಹಾಕಿದ್ದರು. ಮಕ್ಕಳು ಕರುವನ್ನು ಒಂದು ಸುತ್ತು ನಡೆಸಿ ಅಡ್ಡಗೆರೆಯಲ್ಲಿ ನಿಲ್ಲಿಸಬೇಕು. ತೀರ್ಪು ಹೇಳಲು ಬಂದಿದ್ದ ದನದ ಡಾಕ್ಟರಮ್ಮ ಸುತ್ತ ಬಂದು ನೋಡುವ ತನಕ ನಾಲ್ಕು ಕಾಲೂ ಕದಲಬಾರದು.

ಚಿಕ್ಕಪ್ಪ ಮುಂದಿನ ಸಾಲಿನಲ್ಲೇ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಕ್ಕದಲ್ಲಿ ಲಿಖಿತ. ಲಿಖಿತನಿಗೆ ಪಾಪ ಹಗ್ಗವೂ ಬೇಕಿರಲಿಲ್ಲ, ಕೆಂದಿಯೂ ಬೇಕಿರಲಿಲ್ಲ. ಅವನು ಮೊಬೈಲು ನೋಡುತ್ತಿದ್ದ.

ಬಿಂದುಶ್ರೀಯ ಸರದಿ ಬಂತು. ಸುತ್ತು ಚೆನ್ನಾಗಿಯೇ ಸಾಗಿತು. ಅಡ್ಡಗೆರೆ ಇನ್ನೇನು ನಾಲ್ಕು ಹೆಜ್ಜೆ ದೂರವಿತ್ತು. ಅಷ್ಟರಲ್ಲಿ ಚಪ್ಪರದಲ್ಲಿಟ್ಟಿದ್ದ ಮೈಕು ಕೀಂ ಎಂದು ಅರಚಿತು. ಕೆಂದಿ ಬೆದರಿ ಕತ್ತು ಎಳೆದುಕೊಂಡು ಗೆರೆಯತ್ತ ನುಗ್ಗಿತು.

ಚಿಕ್ಕಪ್ಪ ಇದಕ್ಕೇ ಕಾದಿದ್ದವನಂತೆ ವೃತ್ತದೊಳಕ್ಕೆ ನುಗ್ಗಿದ.

“ನಾನು ಹೇಳ್ಲಿಲ್ವಾ? ಬಿಡೇ ಹಗ್ಗ! ಲಿಖಿತ, ಬಾರೋ ಇಲ್ಲಿ!”

ಕೈ ಚಾಚಿಕೊಂಡು ದಾಪುಗಾಲು ಹಾಕುತ್ತ ಬಂದ. ಜನರಲ್ಲಿ ಒಬ್ಬರೂ ಅವನನ್ನು ತಡೆಯಲಿಲ್ಲ. ಮನೆಯ ಹಿರಿಯನಲ್ಲವೇ! ಅದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಬಿಂದುಶ್ರೀಯ ಸಿಟ್ಟು ಗಂಟಲ ತನಕ ಬಂತು. ಕೊರಳ ನರ ಉಬ್ಬಿದ್ದು ದೂರಕ್ಕೂ ಕಾಣುತ್ತಿತ್ತು. ಕಾಟಯ್ಯ ಅವಳ ಮುಖ ನೋಡಲಿಲ್ಲ, ಪಾದ ನೋಡುತ್ತಿದ್ದ.

ಅವಳು ಹಿಮ್ಮಡಿ ಊರಿದಳು. ಚಿಕ್ಕಪ್ಪನ ಕಣ್ಣಲ್ಲಿ ಕಣ್ಣಿಟ್ಟಳು. ಹಗ್ಗ ಬಿಗಿಯಲಿಲ್ಲ, ದನಿ ಏರಿಸಲಿಲ್ಲ.

“ಹೋ.”

ಕೆಂದಿ ನಿಂತಿತು. ನಾಲ್ಕು ಕಾಲೂ ನೆಟ್ಟಗೆ, ಅಡ್ಡಗೆರೆಯ ಮೇಲೆಯೇ.

ಚಿಕ್ಕಪ್ಪನೂ ನಿಂತ. ಚಾಚಿದ ಕೈ ಚಾಚಿದಂತೆಯೇ ಇತ್ತು.

ಡಾಕ್ಟರಮ್ಮ ಅವನ ಪಕ್ಕದಿಂದ ಹಾದು ಕೆಂದಿಯ ಸುತ್ತ ಒಂದು ಸಲ ಬಂದರು. ಬೆನ್ನು ಮುಟ್ಟಿದರು, ಕಾಲು ನೋಡಿದರು. ಕೆಂದಿ ಕಿವಿ ಕೂಡ ಆಡಿಸಲಿಲ್ಲ.

“ನಿಂತಿದೆ,” ಎಂದು ಬರೆದುಕೊಂಡರು. ಜನ ಚಪ್ಪಾಳೆ ತಟ್ಟಿದರು.

ಚಿಕ್ಕಪ್ಪನ ಮುಖ ಕೆಂಪಾಯಿತು. ಸೀದಾ ಕಾಟಯ್ಯನ ಹತ್ತಿರ ಬಂದ.

“ಇದೇನಾ ಯಜಮಾನ್ರೇ ನೀವು ಕಲಿಸಿದ್ದು? ಇಷ್ಟು ಜನದ ಮುಂದೆ ನನ್ನ ಮುಖ ನೋಡ್ಕೊಂಡೇ ‘ಹೋ’ ಅಂದ್ಲು. ಸಾಕಿದ ಚಿಕ್ಕಪ್ಪನ್ನೇ ಹೋಗು ಅಂತಾಳೆ!”

ಕಾಟಯ್ಯ ವೃತ್ತದ ಕಡೆ ನೋಡಿದ. ಹುಡುಗಿ ಕೆಂದಿಯನ್ನು ನಡೆಸಿಕೊಂಡು ಹೋಗಿಯಾಗಿತ್ತು. ಅವಳು ನಿಂತ ಜಾಗದಲ್ಲಿ ಹಿಮ್ಮಡಿ ಊರಿದ ಎರಡು ಗುಳಿ ಉಳಿದಿದ್ದವು.

“ಹೋಗು ಅನ್ಲಿಲ್ಲ ಕಣಪ್ಪ, ನಿಲ್ಲು ಅಂದ್ಲು,” ಎಂದ. “ಕೆಂದಿಗೆ ತಿಳೀತು.”